ಇದಕ್ಕೆಲ್ಲ ಸಮಯ ಎಲ್ಲಿಂದ ತರುತ್ತೀರಿ?

ಶಿರಸಿ ಪೇಟೆಯಲ್ಲಿ ಪರಿಚಿತರು ಸಿಕ್ಕಾಗಲೂ, ಊರಿನ ಮದುವೆ-ಮುಂಜಿಗಳ ಪಂಕ್ತಿಯಲ್ಲಿ ಕುಳಿತಾಗಲೂ ನನಗೆ ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮನೆ, ಕೊಟ್ಟಿಗೆ, ತೋಟ ನೋಡಿಕೊಳ್ಳುವುದರಲ್ಲೇ ದಿನ ಮುಗಿಯುತ್ತದೆ, ಅದರ ನಡುವೆ ಒಂದೊಂದನ್ನೇ ಸುಧಾರಿಸುತ್ತಾ ಹೋಗಲು ನಿಮಗೆ ಸಮಯ ಎಲ್ಲಿಂದ ಬರುತ್ತದೆ?" ಅದಕ್ಕಾಗಿ ನಾನು ಬೇರೆ ಸಮಯ ತೆಗೆದಿಡುವುದೇ ಇಲ್ಲ. ಹೇಗಿದ್ದರೂ ಮಾಡಲೇಬೇಕಾದ ಕೆಲಸದ ಬೆನ್ನಿಗೆ ಚಿಕ್ಕದೊಂದನ್ನು ಕಟ್ಟಿಬಿಡುತ್ತೇನೆ. ಹಾಗೆ ಕಟ್ಟಲು ಬಾರದ್ದನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ತೋಟದ ಬಸಿಗಾಲುವೆಯನ್ನೇ ನೋಡಿ. ನಮ್ಮ ಕಡೆಯ ಅಡಿಕೆ ತೋಟಗಳು ಬಹುಪಾಲು ಗುಡ್ಡಗಳ ನಡುವಿನ ಕಣಿವೆಯಲ್ಲಿರುವುದರಿಂದ ಮಳೆಗಾಲದಲ್ಲಿ ನೀರು ಬಸಿದುಹೋಗದಿದ್ದರೆ ಮರಗಳು ಸೊರಗುತ್ತವೆ. ಹೂಳೆತ್ತುವ ಕೆಲಸವನ್ನು ಮೇ ತಿಂಗಳಿಗೆಂದು ಇಟ್ಟುಕೊಂಡರೆ ಆಗ ಆಳು ಸಿಗುವುದಿಲ್ಲ, ಆಳು ಸಿಕ್ಕ ದಿನ ಮಳೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಉದುರಿದ ಅಡಿಕೆ ಹೆಕ್ಕಲು ತೋಟಕ್ಕೆ ಇಳಿಯುವಾಗಲೆಲ್ಲ ಗುದ್ದಲಿಯನ್ನೂ ಒಯ್ದು, ಎರಡು ಮರಗಳ ನಡುವಿನಷ್ಟು ಉದ್ದಕ್ಕೆ ಹೂಳು ತೆಗೆದು, ಅದನ್ನು ಪಕ್ಕದ ಮರದ ಬುಡಕ್ಕೆ ಹಾಕಿ, ಕೆಲಸ ನಿಂತ ಜಾಗದಲ್ಲಿ ಅಡಿಕೆ ಹಾಳೆಯೊಂದನ್ನು ಅಡ್ಡಲಾಗಿ ಸಿಕ್ಕಿಸಿ ಬರುತ್ತೇನೆ. ನನ್ನ ಮಟ್ಟಿಗೆ ಗುದ್ದಲಿಗಿಂತ ಆ ಹಾಳೆಯದೇ ಹೆಚ್ಚಿನ ಉಪಕಾರ, ಏಕೆಂದರೆ ಮುಂದಿನ ಸಲ ಎಲ್ಲಿಂದ ಹಿಡಿಯಬೇಕೆಂದು ನೋಡುತ್ತಾ ನಿಲ್ಲಬೇಕಾಗುವುದಿಲ್ಲ.

ಮನೆಯೊಳಗಿನ ಸುಧಾರಣೆಗಳು ಬಹುತೇಕ ವಸ್ತುಗಳ ಜಾಗ ಬದಲಿಸುವುದಷ್ಟೇ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರಿನಲ್ಲಿ ಟಾರ್ಚಿಗೆ ಬಾಗಿಲ ಪಕ್ಕದ ಮೊಳೆಯೇ ಸರಿಯಾದ ಸ್ಥಳ.

"ಎಷ್ಟು ದಿನ ಮಾಡಿದರೆ ರೂಢಿಯಾಗುತ್ತದೆ?" ಎಂಬುದು ಇದರ ಹಿಂದೆಯೇ ಬರುವ ಪ್ರಶ್ನೆ. 21 ದಿನ ಸಾಕೆಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಆದರೆ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ನಡುಮಟ್ಟದಲ್ಲಿ 66 ದಿನ ಹಿಡಿಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಯಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗದು ಎಂಬುದೂ ಅದರಲ್ಲಿ ಕಂಡುಬಂತು. ನೆಂಟರು, ಊಟ, ಜಾತ್ರೆಗಳ ನಮ್ಮ ಸೀಮೆಗೆ ಇದೇ ಹೆಚ್ಚು ಉಪಯುಕ್ತವಾದ ಸುದ್ದಿ. ದಿನಕ್ಕೆ ಶೇ. 1ರಂತೆ ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಬೆಳೆಯಬಹುದೆಂಬ ಲೆಕ್ಕವನ್ನು ಮಾತ್ರ ನಾನು ಒಪ್ಪುವುದಿಲ್ಲ. ಚಕ್ರಬಡ್ಡಿಯ ಗಣಿತವಾಗಿ ಅದು ಸರಿಯೇ. ಆದರೆ ಕಾಲುವೆ ಮುಂದಿನ ಮಳೆಗೆ ಮತ್ತೆ ಹೂಳು ತುಂಬಿಕೊಳ್ಳುತ್ತದೆ, ಬಡ್ಡಿ ಬೆಳೆಯುವುದಿಲ್ಲ. ನಮಗೆ ತಪ್ಪುವುದು ಮೇ ತಿಂಗಳ ಪರದಾಟ, ಮತ್ತು ಅದೇ ಸಾಕಷ್ಟಾಯಿತು.

ಇನ್ನು ಕೆಲವು ಕೆಲಸಗಳು ಚೂರುಚೂರಾಗಿ ಮಾಡಲು ಒಗ್ಗುವುದೇ ಇಲ್ಲ. ಅಡಿಕೆಗೆ ಬರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆಗಾಲ ಆರಂಭವಾಗುವ ಮುನ್ನವೇ, ಗೊನೆಗಳು ಪೂರ್ತಿ ತೋಯುವಂತೆ ಸಿಂಪಡಿಸಬೇಕು. ಇಂದು ನಾಲ್ಕು ಮರ, ನಾಳೆ ನಾಲ್ಕು ಮರ ಎಂದರೆ ಮಳೆ ಕಾಯುವುದಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಪ್ರಮಾಣದಲ್ಲೂ ರಿಯಾಯಿತಿ ಸಲ್ಲದು. ಬೆರೆಸಿದ ಮೇಲೆ ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕೆಂದೇ ಅರ್ಥ. ಅಂಥ ದಿನ ಮನೆಯ ಉಳಿದ ಸುಧಾರಣೆಗಳಿಗೆಲ್ಲ ರಜೆ. ಎರಡನೆಯ ಸಿಂಪಡಣೆ 40–45 ದಿನಗಳ ಬಳಿಕ ಬರುವುದರಿಂದ, ಮೊದಲನೆಯದು ಮುಗಿದ ಸಂಜೆ ಕೈ ತೊಳೆದುಕೊಂಡವನು ಗೋಡೆಯ ಕ್ಯಾಲೆಂಡರಿನಲ್ಲಿ ಅದರ ದಿನಾಂಕ ಬರೆದು, ಇನ್ನೂ ಜಗಲಿಯಲ್ಲಿ ಚಹಾ ಕುಡಿಯುತ್ತಿರುವ, ಮರವೇರಿ ಸಿಂಪಡಿಸುವ ಕೊನೆಗೌಡರಿಗೂ ಹೇಳಿ ಒಪ್ಪಿಸಿಬಿಡುತ್ತೇನೆ.