ಅಷ್ಟು ಜನ ಸುಮ್ನೆ ಹೇಳ್ತಾರಾ?

ಹಾಸನದಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ತರಗತಿಯಲ್ಲಿ ಸೀತೆಯನ್ನು ಕಾಡಿಗೆ ಬಿಟ್ಟು ಬರುವ ಭಾಗ ಓದುವಾಗ ಹುಡುಗರು ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರು ಕೇಳುತ್ತಾರೆ. ಯಾವುದೋ ಊರಲ್ಲಿ ಯಾರಿಗೋ ಬಹಿಷ್ಕಾರ ಹಾಕಿದ ಸುದ್ದಿ ಪೇಪರಿನಲ್ಲಿ ಬಂದರೆ ಫೋನ್ ಮಾಡಿ ಕೇಳುತ್ತಾರೆ. "ಅಲ್ಲ, ಏನೂ ಇಲ್ಲದೆ ಅಷ್ಟು ಜನ ಸುಮ್ನೆ ಹೇಳ್ತಾರಾ?"

ಹೇಳುತ್ತಾರೆ. ಹೇಳುವವರು ಕೆಟ್ಟವರೇ ಆಗಿರಬೇಕು ಅಂತಲೂ ಇಲ್ಲ. ರೋಗ ಬಂದಾಗ, ಮಳೆ ಹೋದಾಗ, ಕೈಯಲ್ಲಿ ದುಡ್ಡಿಲ್ಲದಾಗ ಜನಕ್ಕೆ ಭಯ ಆಗುತ್ತದೆ. ಇದಕ್ಕೆಲ್ಲ ಇಂಥವನೇ ಕಾರಣ ಅಂತ ಯಾರಾದರೂ ಬೆರಳು ತೋರಿಸಿದರೆ ಆ ಭಯಕ್ಕೆ ಒಂದು ಮುಖ ಸಿಕ್ಕ ಹಾಗಾಗುತ್ತದೆ. ಆಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ಸೇರುತ್ತಾ ಹೋಗುತ್ತಾರೆ. ಎಷ್ಟು ಜನ ಸೇರಿದರು ಅನ್ನುವುದರಿಂದ ಅವನ ತಪ್ಪು ಎಷ್ಟು ಅಂತ ಗೊತ್ತಾಗುವುದಿಲ್ಲ. ಅವನ ಪರವಾಗಿ ಬಾಯಿ ಬಿಡುವವರು ಊರಲ್ಲಿ ಯಾರೂ ಇಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ.

ಸೀತೆಯ ಕತೆಯನ್ನೇ ನೋಡಿ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮ ಪಕ್ಕದ ಕಡೂರು ತಾಲ್ಲೂಕಿನ ದೇವನೂರಿನವನು ಅಂತ ಈ ಕಡೆಯವರಿಗೆಲ್ಲ ಹೆಮ್ಮೆ. ಅವನ ಕಾವ್ಯದಲ್ಲಿ ಗೂಢಚಾರ ಬಂದು ರಾಮನಿಗೆ ಒಬ್ಬ ಅಗಸನ ಮಾತು ತಿಳಿಸುತ್ತಾನೆ. ತವರಿಗೆ ಹೋಗಿದ್ದ ಹೆಂಡತಿಯನ್ನು ಮತ್ತೆ ಸೇರಿಸಿಕೊಳ್ಳಲು ನಾನೇನು ರಾಮನಾ ಅಂತ ಅಗಸ ಕೇಳಿದನಂತೆ. ಅಷ್ಟಕ್ಕೇ ತುಂಬು ಗರ್ಭಿಣಿ ಕಾಡು ಸೇರುತ್ತಾಳೆ.

ಆದರೆ ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಈ ಅಗಸ ಇಲ್ಲ. ಅಲ್ಲಿ ರಾಮ ಭದ್ರ ಎನ್ನುವವನನ್ನು ಜನ ಏನು ಮಾತಾಡುತ್ತಾರೆ ಅಂತ ಕೇಳುತ್ತಾನೆ. ಬೀದಿಯಲ್ಲಿ, ಚೌಕದಲ್ಲಿ, ಅಂಗಡಿ ಸಾಲಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ ಅಂತ ಭದ್ರ ಹೇಳುತ್ತಾನೆ. ಅಂದರೆ ಇಡೀ ಅಯೋಧ್ಯೆಯೇ ಆಡಿಕೊಂಡಿತ್ತು. ಕತೆ ಬಾಯಿಂದ ಬಾಯಿಗೆ ದಾಟುತ್ತಾ ಬಂದ ಹಾಗೆ ಊರೆಲ್ಲ ಆಡಿದ ಮಾತನ್ನು ಒಬ್ಬ ಬಡ ಅಗಸನ ಬಾಯಿಗೆ ಇಟ್ಟುಬಿಟ್ಟರು. ಊರು ಕೈ ತೊಳೆದುಕೊಂಡಿತು. ಎಲ್ಲರ ಮೈಲಿಗೆ ಬಟ್ಟೆ ಒಗೆಯುವವನ ಮೇಲೆ ಎಲ್ಲರ ನಾಲಿಗೆಯ ಮೈಲಿಗೆಯೂ ಬಿತ್ತು. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಸಂಕಟ ಆಗುತ್ತದೆ. ತರಗತಿಯಲ್ಲಿ ಮಡಿವಾಳರ ಮನೆಯ ಮಗುವೂ ಕೂತಿರುತ್ತದೆ ಅಲ್ವಾ? ಮಡಿವಾಳ ಮಾಚಿದೇವನಂಥ ಶರಣ ಹುಟ್ಟಿದ ಸಮುದಾಯ ಅದು. ಹಾಗಾಗಿ ಭದ್ರನ ಪ್ರಸಂಗವನ್ನು ಹೇಳದೆ ನಾನು ಆ ಪಾಠ ಮುಗಿಸುವುದಿಲ್ಲ.

ಲಕ್ಷ್ಮೀಶನ ಮೇಲೆ ನನಗೆ ಕೋಪ ಇಲ್ಲ. ಅವನಿಗೆ ಅಗಸನ ಕತೆ ಹಿಂದಿನವರಿಂದ ಬಂದದ್ದು. ಅವನು ಅದನ್ನು ಹೇಗೆ ಹೇಳಿದ ಅಂತ ನೋಡಬೇಕು. ಕಾಡಿನಲ್ಲಿ ಒಂಟಿಯಾದ ಸೀತೆಗಾಗಿ ಮೃಗ, ಪಕ್ಷಿಗಳು ದುಃಖಪಡುವ ಹಾಗೆ ಬರೆದ. ನಾಡು ಅವಳ ಪರ ನಿಲ್ಲದಿದ್ದಾಗ ಕವಿ ಕಾಡನ್ನೇ ಅವಳ ಪರ ನಿಲ್ಲಿಸಿದ. ಕನ್ನಡದಲ್ಲಿ ಇಷ್ಟು ದೊಡ್ಡ ಮನಸ್ಸಿನ ಸಾಲುಗಳು ಜಾಸ್ತಿ ಇಲ್ಲ ಅಂತ ನಾನು ನಂಬಿದ್ದೇನೆ.

ಕೆರೆಗೆ ಹಾರ ಹಾಡಿನಲ್ಲೂ ಹೀಗೇ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿದರು. ಹಿರಿಸೊಸೆಯನ್ನು ಬಿಟ್ಟು ಕಿರಿಸೊಸೆ ಭಾಗೀರತಿಯನ್ನು ಬಲಿಗೆ ಆರಿಸಿದರು. ಅವಳ ಗಂಡ ಆಗ ಊರಲ್ಲೇ ಇರಲಿಲ್ಲ, ದಂಡಿಗೆ ಹೋಗಿದ್ದ. ಕೆರೆಗೂ ಅವಳಿಗೂ ಏನು ಸಂಬಂಧ? ಏನೂ ಇಲ್ಲ. ಬೇಡ ಅನ್ನುವವರು ಮನೆಯಲ್ಲಿ ಇರಲಿಲ್ಲ, ಅಷ್ಟೇ. ಹಾಡು ಕಟ್ಟಿದ ತಾಯಂದಿರು ಅವಳ ಮೇಲೆ ಒಂದು ತಪ್ಪನ್ನೂ ಹೊರಿಸಲಿಲ್ಲ. ಅದು ಆ ಹಾಡಿನ ದೊಡ್ಡತನ.

ಫ್ರಾನ್ಸಿನ ಚಿಂತಕ ರೆನೆ ಜಿರಾರ್ (1923–2015) ಬದುಕಿಡೀ ಇದನ್ನೇ ಓದಿದವರು. ಅವರು ತೋರಿಸಿದ ಒಂದು ವಿಷಯ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಕಾಲ, ದೇಶ ಬದಲಾದರೂ ಆರೋಪಗಳು ಬದಲಾಗುವುದಿಲ್ಲ. ನೀರಿಗೆ ವಿಷ ಹಾಕಿದರು, ಮಕ್ಕಳಿಗೆ ಕೇಡು ಮಾಡಿದರು, ಇಂಥವೇ ಮತ್ತೆ ಮತ್ತೆ. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಹುಡುಗನ ಹೆಣ ಸಿಕ್ಕಿತು. ಯಹೂದಿಗಳು ಕೊಂದರು ಅಂತ ಕತೆ ಹುಟ್ಟಿತು. 2018ರಲ್ಲಿ ನಮ್ಮಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್ ಹೇಳಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನ್ನು ಜನ ಹೊಡೆದು ಕೊಂದರು. ಆ ಯುವಕನ ಗೆಳೆಯರ ಗುಂಪು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಆರೋಪ ಮೊದಲೇ ತಯಾರಾಗಿತ್ತು. ಆರೋಪಿ ಆಮೇಲೆ ಕಾರಿನಲ್ಲಿ ಬಂದ.

ಬೀದರ್ ದೂರ ಅನ್ನಬೇಡಿ. 2020ರ ಮೇ ಎರಡನೇ ವಾರದ ತನಕ ನಮ್ಮ ಹಾಸನ ಜಿಲ್ಲೆಯಲ್ಲಿ ಒಂದೂ ಕೋವಿಡ್ ಕೇಸ್ ಇರಲಿಲ್ಲ. ಗ್ರೀನ್ ಝೋನ್ ಅಂತ ಹೇಳಿಕೊಳ್ಳುತ್ತಿದ್ದೆವು. ಮೊದಲ ಕೇಸುಗಳು ಬಂದದ್ದು ಮುಂಬೈಯಿಂದ ವಾಪಸಾದವರಲ್ಲಿ. ಅವತ್ತಿನಿಂದ "ಮುಂಬೈಯವರು" ಅನ್ನುವುದೇ ಬೈಗುಳ ಆಯಿತು. ಅವರು ಹೊರಗಿನವರಾ? ಚನ್ನರಾಯಪಟ್ಟಣದ ಕಡೆಯಿಂದ ಹೊಟ್ಟೆಪಾಡಿಗೆ ಹೋದ ನಮ್ಮವರೇ. ಊರ ಜಾತ್ರೆಗೆ, ದೇವಸ್ಥಾನದ ಕೆಲಸಕ್ಕೆ ವರ್ಷ ವರ್ಷ ದುಡ್ಡು ಕಳಿಸಿದವರು. ವೈರಸ್ ಅವರ ಜೊತೆ ಬಂದದ್ದು ನಿಜ. ಅದರಲ್ಲಿ ಅವರ ತಪ್ಪೇನು? ಕೆಲಸ ಹೋಗಿತ್ತು, ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ, ಪರ್ಮಿಷನ್ ತಗೊಂಡು ಮನೆಗೆ ಬಂದರು. ಅದೇ ವರ್ಷ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ದೆಹಲಿಯಲ್ಲಿ ತಬ್ಲಿಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಗೆ ಬಂದು, ರೋಗ ಹಬ್ಬಿಸಿದರು ಅಂತ ಆರೋಪ ಹೊತ್ತಿದ್ದ ವಿದೇಶಿಯರ ಮೇಲಿನ ಕೇಸುಗಳನ್ನು ರದ್ದು ಮಾಡಿತು. ಪಿಡುಗು ಬಂದಾಗ ಸರ್ಕಾರ ಬಲಿಪಶು ಹುಡುಕುತ್ತದೆ, ಇವರನ್ನೂ ಹಾಗೆ ಆರಿಸಿರುವ ಸಾಧ್ಯತೆ ಇದೆ ಅಂತ ಹೇಳಿತು. ತೀರ್ಪು ಬರುವ ಹೊತ್ತಿಗೆ ಆಗಬೇಕಾದ ನೋವು ಆಗಿಹೋಗಿತ್ತು.

ಇಲ್ಲಿಗೆ ಬಂದಾಗ ಎರಡನೇ ಪ್ರಶ್ನೆ ಬರುತ್ತದೆ. ಹಾಗಾದರೆ ಆರೋಪ ಬಂದವರೆಲ್ಲ ಅಮಾಯಕರಾ? ಖಂಡಿತ ಅಲ್ಲ. ಕಳ್ಳ ಇದ್ದಾನೆ, ಕೊಲೆಗಾರ ಇದ್ದಾನೆ. ಅವನು ಏನು ಮಾಡಿದ ಅನ್ನುವುದಕ್ಕೆ ಸಾಕ್ಷಿ ಬೇಕು. ಅವನು ಎಂಥವನು, ಯಾರ ಪೈಕಿ, ಎಲ್ಲಿಯವನು ಅನ್ನುವುದೇ ಸಾಕ್ಷಿಯಾದಾಗ ನನಗೆ ಅನುಮಾನ ಶುರುವಾಗುತ್ತದೆ. ಬಲವಂತದ ತಪ್ಪೊಪ್ಪಿಗೆ ತೋರಿಸಿದರೆ ಇನ್ನೂ ಜಾಸ್ತಿ. 1348ರಲ್ಲಿ ಯುರೋಪಿನಲ್ಲಿ ಪ್ಲೇಗ್ ಹಬ್ಬಿದಾಗ ಯಹೂದಿಗಳು ಬಾವಿಗೆ ವಿಷ ಹಾಕಿದರು ಅಂತ ಸುದ್ದಿ ಹಬ್ಬಿತು. ಚಿತ್ರಹಿಂಸೆ ಕೊಟ್ಟು ಒಪ್ಪಿಸಿಯೂ ಆಯಿತು. ಆಗ ಪೋಪ್ ಆರನೇ ಕ್ಲೆಮೆಂಟ್ ಸರಳ ಲೆಕ್ಕ ಹಾಕಿದರು. ಯಹೂದಿಗಳೂ ಪ್ಲೇಗಿಗೆ ಸಾಯುತ್ತಿದ್ದಾರೆ. ಯಹೂದಿಗಳೇ ಇಲ್ಲದ ಊರಿಗೂ ಪ್ಲೇಗ್ ಬಂದಿದೆ. ಮತ್ತೆ ಈ ಮಾತು ನಿಜ ಹೇಗಾಗುತ್ತದೆ?

ತುಂಬ ಕಡೆ ಜನ ಕೇಳಲಿಲ್ಲ. 1349ರ ಫೆಬ್ರವರಿ 14ರಂದು ರೈನ್ ನದಿ ಪಕ್ಕದ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಯಹೂದಿಗಳನ್ನು ಗುಂಪುಗುಂಪಾಗಿ ಸುಟ್ಟರು. ಆ ಹೊತ್ತಿಗೆ ಆ ಊರಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ. ಆದರೆ ಊರವರು ಆ ಯಹೂದಿಗಳ ಹತ್ತಿರ ಸಾಲ ಮಾಡಿದ್ದರು. ಕೊಂದ ಮೇಲೆ ಸಾಲವೆಲ್ಲ ಮನ್ನಾ ಆಯಿತು. ಅಡವಿಟ್ಟ ವಸ್ತುಗಳು ವಾಪಸ್ ಬಂದವು. ಸಿಕ್ಕ ನಗದನ್ನು ಕೈಕಸುಬಿನವರು ಹಂಚಿಕೊಂಡರು. ಆ ಕಾಲದಲ್ಲೇ ಆ ಊರಿನ ಚರಿತ್ರೆ ಬರೆದವನೊಬ್ಬ, ಯಹೂದಿಗಳನ್ನು ಕೊಂದ ವಿಷ ಆ ದುಡ್ಡೇ ಅಂತ ಬರೆದಿಟ್ಟ.