ಈಕೋ ವ್ಯಾನಿನಲ್ಲಿ ಮನೆ: ಕರೆಂಟಿನ ಲೆಕ್ಕ

ಮಾರುತಿ ಈಕೋ ಉದ್ದ 3,675 ಮಿಮೀ, ಎಂಜಿನ್ 1.2 ಲೀಟರ್. ಇಬ್ಬರು ಮಲಗಬಹುದು, ಒಳಗೆ ನೆಟ್ಟಗೆ ನಿಲ್ಲುವ ಆಸೆ ಬಿಡಿ. ಮಂಚಕ್ಕೆ 12 ಮಿಮೀ ಪ್ಲೈವುಡ್ ಸಾಕು. 18ರದ್ದು ಹಾಕಿದರೆ ತೂಕ ಏರಿ ಮೈಲೇಜಿಗೆ ಪೆಟ್ಟು.

ಜನ ಎಡವುವುದು ವೈರಿಂಗಿನಲ್ಲಿ. ಫ್ರಿಜ್ಜನ್ನು ಗಾಡಿಯ ಬ್ಯಾಟರಿಗೇ ಸಿಕ್ಕಿಸಿ ಮಲಗಿದರೆ ಬೆಳಗ್ಗೆ ತಳ್ಳುವವರನ್ನು ಹುಡುಕಬೇಕಾದೀತು. ಬೇರೆ 12 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಡಿ. ಮುಂದಿನ ಸೀಟಿನಡಿಯ ಎಂಜಿನ್ ಬಿಸಿಯಾಗುತ್ತದೆ, ಆದ್ದರಿಂದ ಬ್ಯಾಟರಿ ಹಿಂದಕ್ಕಿರಲಿ. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ: ಖಾಲಿ ಲಿಥಿಯಂ ಬ್ಯಾಟರಿ ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಸುಟ್ಟೀತು. ನಡುವೆ ಆ ಕರೆಂಟನ್ನು ಮಿತಿಯಲ್ಲಿಡುವ 20 ಆಂಪಿಯರ್ ಡಿಸಿ-ಡಿಸಿ ಚಾರ್ಜರ್, 10 ಚದರ ಮಿಮೀ ತಂತಿ, ಎರಡೂ ಬ್ಯಾಟರಿಗಳ ಪಾಸಿಟಿವ್ ಪಕ್ಕದಲ್ಲೇ 40 ಆಂಪಿಯರ್ ಫ್ಯೂಸ್. ಖಾಲಿ ಬ್ಯಾಟರಿ ಪೂರ್ತಿ ತುಂಬಲು ಐದು ತಾಸಿನ (100 ÷ 20) ಓಡಾಟ ಬೇಕು.

ರಾತ್ರಿ ಎರಡು ಕಿಟಕಿ ಬೆರಳಗಲ ತೆರೆದಿಡಿ, ಇಲ್ಲದಿದ್ದರೆ ಉಸಿರಿನ ತೇವಕ್ಕೆ ಹಾಸಿಗೆಯಡಿ ಬೂಷ್ಟು ಹಿಡಿಯುತ್ತದೆ.