ಕರಿಮಣ್ಣಿನ ಹದ ಮತ್ತು ನಮ್ಮ ಸಣ್ಣ ಟ್ರ್ಯಾಕ್ಟರು

ಉತ್ತರೆ ಮಳೆ ಮೊನ್ನೆ ರಾತ್ರಿ ಚೆನ್ನಾಗಿ ಬಿದ್ದಿದೆ. ಇಂದು ನಸುಕಿನಲ್ಲಿ, ಹಿಂಗಾರಿ ಜೋಳಕ್ಕೆಂದು ಬಿಟ್ಟಿರುವ ಎರಡೂವರೆ ಎಕರೆಯ ತುಂಡಿಗೆ ಹೋಗಿ, ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು, ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿ, ಸೊಂಟದೆತ್ತರದಿಂದ ಕೆಳಗೆ ಬಿಟ್ಟೆ. ಉಂಡೆ ಒಡೆಯಲಿಲ್ಲ, ನಾದಿದ ಕಣಕದಂತೆ ಚಪ್ಪಟೆಯಾಗಿ ಕುಳಿತಿತು. ಉಂಡೆ ಬಿದ್ದ ಕೂಡಲೇ ಪುಡಿಪುಡಿಯಾಗಿ ಚೆದುರಿದರೆ ಹದ ಬಂದಿದೆ ಎಂದರ್ಥ. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ ಎಂದರ್ಥ. ಆದ್ದರಿಂದ ಟ್ರ್ಯಾಕ್ಟರನ್ನು ಶೆಡ್ಡಿನಿಂದ ಹೊರಗೆ ತೆಗೆಯದೆ ಮನೆಗೆ ಮರಳಿದ್ದೇನೆ. ಸಿಕ್ಕಿರುವ ಈ ಬಿಡುವಿನಲ್ಲಿ, ಕಳೆದ ಮೂರು ವರ್ಷಗಳಿಂದ ಆ ಗಾಡಿಯೊಂದಿಗೆ ಮಾಡುತ್ತ ಬಂದಿರುವ ದಿನನಿತ್ಯದ ಕೆಲಸಗಳ ಬಗ್ಗೆ ಬರೆಯಬೇಕೆನ್ನಿಸಿತು.

ನಮ್ಮ ಹೊಲ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಯಿಂದ ಸ್ವಲ್ಪ ಈಚೆಗಿದೆ. ಒಟ್ಟು 7 ಎಕರೆ 20 ಗುಂಟೆ. ಐದು ಎಕರೆಗೆ ತೊಗರಿ. ಉಳಿದ ತುಂಡಿನಲ್ಲಿ ಮುಂಗಾರಿಗೆ ಹೆಸರು ತೆಗೆದು, ಆಮೇಲೆ ಬಿಳಿಜೋಳ. ಮಣ್ಣು ಬಹುಪಾಲು ಎರೆ, ಆದರೆ ಪಡುವಣ ಅಂಚಿನಲ್ಲಿ ಮೊಳದುದ್ದ ಅಗೆದರೆ ಸಾಕು, ಶಹಾಬಾದ್ ಕಲ್ಲಿನ ಹಾಸು ಸಿಗುತ್ತದೆ. ಹೊಲದಲ್ಲಿಯೇ ಮನೆ, ಮನೆಗೆ ಹೊಂದಿಕೊಂಡು ಎರಡು ಎಮ್ಮೆಗಳ ಕೊಟ್ಟಿಗೆ, ಅದರ ಪಕ್ಕದಲ್ಲಿ ಫರಸಿ (ಕಲ್ಲಿನ ಚಪ್ಪಡಿ) ಹಾಸಿದ ಶೆಡ್ಡು. ಅಲ್ಲಿ ನಿಲ್ಲುವುದು 24 ಎಚ್‌ಪಿಯ, ನಾಲ್ಕೂ ಗಾಲಿಗಳಿಂದ ಎಳೆಯುವ ಸಣ್ಣ ಟ್ರ್ಯಾಕ್ಟರು.

ಇದನ್ನು ಕೊಂಡ ಕಾರಣವೂ ಹದವೇ. ನಮ್ಮ ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಕೈ ಮೊಣಕೈವರೆಗೆ ಇಳಿಯುತ್ತದೆ. ಹಸಿಯಿದ್ದಾಗ ಕಬ್ಬಿಣಕ್ಕೆ ಅಂಟುವ, ಒಣಗಿದಾಗ ಕಬ್ಬಿಣವನ್ನೇ ಒಳಗೆ ಬಿಡದ ಈ ಮಣ್ಣಿನಲ್ಲಿ ಕೆಲಸಕ್ಕೆ ಸಿಗುವ ಕಾಲ ತೀರ ಕಿರಿದು. ಒಂದು ಮಳೆಗೆ ಎರಡು ದಿನ, ಗಾಳಿ ಬೀಸಿದರೆ ಒಂದೇ ದಿನ. ಮಿರಗ ಮಳೆ ಬಿದ್ದ ಮೂರನೆಯ ದಿನ ಊರಿನ ಪ್ರತಿಯೊಬ್ಬ ರೈತನಿಗೂ ಟ್ರ್ಯಾಕ್ಟರು ಬೇಕಾಗುತ್ತದೆ. ಬಾಡಿಗೆ ಗಾಡಿಯವರು ಸಹಜವಾಗಿಯೇ ಮೊದಲು 20 ಎಕರೆಯ ಹೊಲಗಳನ್ನು ಮುಗಿಸಿ, ಆಮೇಲೆ ನಮ್ಮಂಥವರ ಕಡೆ ಬರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಎರಡು ವರ್ಷ ಸತತವಾಗಿ ನಮ್ಮ ಪಾಳಿ ಬರುವಷ್ಟರಲ್ಲಿ ಮೇಲ್ಮಣ್ಣು ಆರಿಹೋಗಿ, ಬಿತ್ತಿದ ತೊಗರಿ ಅರೆಬರೆ ಮೊಳೆತು, ಸಾಲುಗಳ ನಡುವೆ ಬೋಳು ಬಿದ್ದಾಗ, ಸಾಲ ಮಾಡಿಯಾದರೂ ಸ್ವಂತದ್ದೊಂದು ಗಾಡಿ ಇರಬೇಕೆಂದು ನಿರ್ಧರಿಸಿದೆ. 7 ಎಕರೆಗೆ ಟ್ರ್ಯಾಕ್ಟರು ಹೊರೆಯಾಗುತ್ತದೆ ಎಂದು ಕಾಕಾ ಎಚ್ಚರಿಸಿದ್ದರು. ಬರಿಯ ಉಳುಮೆಯ ಲೆಕ್ಕ ಹಿಡಿದರೆ ಅವರ ಮಾತು ಸರಿ. ಆದರೆ ವರ್ಷದ ಉಳಿದ ದಿನಗಳಲ್ಲಿ ಗಾಡಿ ಮಾಡುವ ಕೆಲಸಗಳನ್ನು ನಾವಿಬ್ಬರೂ ಆಗ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಗಾಡಿಯ ತೂಕ ಒಂದು ಟನ್ನಿನೊಳಗಿದೆ, ದೊಡ್ಡ ಟ್ರ್ಯಾಕ್ಟರಿನ ಅರ್ಧವೂ ಇಲ್ಲ, ಆದ್ದರಿಂದ ಸ್ವಲ್ಪ ಹಸಿಯಿದ್ದರೂ ನಡೆಯುತ್ತದೆ ಎಂಬ ಧೈರ್ಯದಲ್ಲಿ, ಮಳೆಯ ಮರುದಿನವೇ ಹೊಲಕ್ಕೆ ಇಳಿಸಿದೆ. “ಇನ್ನಾ ಹಸಿ ಅದ, ಇವತ್ತ ಗಾಡಿ ಇಳಸಬ್ಯಾಡೋ” ಎಂದು ಅವ್ವ ಬಾಗಿಲಲ್ಲಿ ನಿಂತೇ ಹೇಳಿದ್ದಳು. ತಗ್ಗಿನ ಮೂಲೆ ತಲುಪುತ್ತಿದ್ದಂತೆ ಹಿಂದಿನ ಗಾಲಿಗಳ ಹಲ್ಲುಗಳ ನಡುವೆ ಮಣ್ಣು ತುಂಬಿ, ಟೈರು ನುಣ್ಣನೆಯ ಉರುಳೆಯಾಗಿ ಜಾರತೊಡಗಿತು. ಮುಂದಿನ ಗಾಲಿಗಳಿಗೂ ಶಕ್ತಿ ಕೊಟ್ಟಾಗ ನಾಲ್ಕೂ ಕೂಡಿಯೇ ತೋಡಿಕೊಂಡು, ಅಚ್ಚು ಮಣ್ಣಿಗೆ ತಾಗುವವರೆಗೆ ಇಳಿದವು. ಪಕ್ಕದ ಹೊಲದವರ ದೊಡ್ಡ ಗಾಡಿ ಸಂಜೆ ಬಂದು ಎಳೆಯಿತು. ಗಾಡಿಗೆ ಏನೂ ಆಗಲಿಲ್ಲ, ಆದರೆ ಅಂದು ತುಳಿದ ಆ ಹತ್ತು ಗುಂಟೆಯಲ್ಲಿ ಎದ್ದ ಹೆಂಟೆಗಳು ಇಟ್ಟಿಗೆಯಂತೆ ಗಟ್ಟಿಯಾಗಿ, ಮುಂದಿನ ಮಳೆಯವರೆಗೂ ಒಡೆಯಲಿಲ್ಲ. ಕೆಳಗೆ ಗಾಲಿ ಅದುಮಿದ ಪದರದ ಮೇಲೆ ನೀರು ನಿಂತು, ಅಲ್ಲಿನ ತೊಗರಿ ಹಳದಿಗಟ್ಟಿ ಒಣಗಿತು. ತೊಗರಿಯ ತಾಯಿಬೇರು ಆಳಕ್ಕೆ ಇಳಿಯಬೇಕು, ಅದರ ಕಾಲಲ್ಲಿ ನೀರು ನಿಲ್ಲಬಾರದು. ನಮ್ಮ ಮುತ್ಯಾ (ಅಜ್ಜ) ಬರಿಗಾಲಲ್ಲಿ ಹೊಲಕ್ಕೆ ಇಳಿದು ಹದ ನೋಡುತ್ತಿದ್ದರು. “ಅಂಗಾಲಿಗಿ ಹತ್ತಿದ ಮಣ್ಣ ಕುಂಟಿಗೂ ಹತ್ತತದ” ಎಂಬುದು ಅವರ ಮಾತು. ನಾನು ಈಗ ಉಂಡೆಯನ್ನೂ ಕಟ್ಟುತ್ತೇನೆ, ಚಪ್ಪಲಿ ಬಿಟ್ಟು ಹತ್ತು ಹೆಜ್ಜೆಯನ್ನೂ ಹಾಕುತ್ತೇನೆ.

ಸಣ್ಣ ಗಾಡಿಯ ನಿಜವಾದ ಬೆಲೆ ನನಗೆ ತಿಳಿದದ್ದು ಎಡೆ ಹೊಡೆಯುವಾಗ, ಅಂದರೆ ಬೆಳೆಯ ಸಾಲುಗಳ ನಡುವಿನ ಕಸ ತೆಗೆಯುವಾಗ. ತೊಗರಿಯನ್ನು ನಾಲ್ಕು ಅಡಿ ಸಾಲಿನಲ್ಲಿ ಹಾಕಿದರೆ, ಮೂರೂವರೆ ಅಡಿಯೊಳಗೆ ಅಗಲವಿರುವ ಗಾಡಿ ಒಂದು ಸಾಲಿನ ನಡುವೆ ನೇರವಾಗಿ ಸಾಗುತ್ತದೆ. ಎರಡೂ ಬದಿಗೆ ಉಳಿಯುವ ಅಂತರ ಮೂರು ಬೆರಳಿನಷ್ಟು ಮಾತ್ರ, ಆದ್ದರಿಂದ ಬಿತ್ತುವಾಗ ಸಾಲು ಸೊಟ್ಟಗಾದರೆ ಅದರ ದಂಡವನ್ನು ಎಡೆ ಹೊಡೆಯುವಾಗ ಕಟ್ಟಬೇಕಾಗುತ್ತದೆ. ಹಿಂದೆ ಜೋಡಿಸಿದ ಎಡೆಕುಂಟೆಯ ಅಲಗು ಎರಡು ಬೆರಳಿಗಿಂತ ಆಳಕ್ಕೆ ಹೋಗದಂತೆ ಪೊಸಿಷನ್ ಕಂಟ್ರೋಲ್ ಲಿವರನ್ನು ಒಂದು ಗುರುತಿನಲ್ಲಿ ನಿಲ್ಲಿಸಿ, ಮೊದಲನೆಯ ಗೇರಿನಲ್ಲಿ ನಡೆಸುತ್ತೇನೆ. ಕಸದ ಬೇರು ಕೊಯ್ದುಹೋಗುವುದಷ್ಟೇ ಅಲ್ಲ, ಬಿರಿಯತೊಡಗಿದ ಮಣ್ಣಿನ ಬಾಯಿ ಮುಚ್ಚಿ ಒಳಗಿನ ತೇವ ಉಳಿಯುತ್ತದೆ. ಮಳೆ ಕೈಕೊಟ್ಟ ಆಗಸ್ಟಿನಲ್ಲಿ ಇದೇ ಅರ್ಧ ನೀರಾವರಿ. ಬಿತ್ತಿ 45 ದಿನಗಳಾಗುವಷ್ಟರಲ್ಲಿ ಕುಡಿ ಚಿವುಟುವ ಕೆಲಸ ಬರುತ್ತದೆ. ಚಿವುಟಿದ ಗಿಡ ಅಗಲಕ್ಕೆ ಹರಡುವುದರಿಂದ ಆಮೇಲೆ ಗಾಡಿಗೆ ಸಾಲಿನಲ್ಲಿ ದಾರಿಯಿಲ್ಲ.

ಕಲ್ಲುಹಾಸಿನ ಪಡುವಣ ಅಂಚಿನಲ್ಲಿ ಮಾತ್ರ ಲಿವರು ಬದಲಾಗುತ್ತದೆ. ಅಲ್ಲಿ ಕಲ್ಟಿವೇಟರನ್ನು ಡ್ರಾಫ್ಟ್ ಕಂಟ್ರೋಲಿನಲ್ಲಿ ಓಡಿಸಿದರೆ, ಕೆಳಗಿನ ಎಳೆತ ಹೆಚ್ಚಿದ ಕೂಡಲೇ ಲಿಫ್ಟು ತಾನಾಗಿಯೇ ಉಪಕರಣವನ್ನು ಸ್ವಲ್ಪ ಎತ್ತುತ್ತದೆ. ತಿರುಗುವ ಅಲಗುಗಳಿಂದ ಮಣ್ಣು ಪುಡಿ ಮಾಡುವ ರೋಟವೇಟರನ್ನು ನಾನು ಆ ಕಡೆಗೆ ಒಯ್ಯುವುದೇ ಇಲ್ಲ. ಒಂದು ಫರಸಿಯ ಅಂಚು ಸಾಕು, ಅಲಗು ಮುರಿಯಲು. ಉಳಿದ ಹೊಲದಲ್ಲಿಯೂ ರೋಟವೇಟರನ್ನು ವರ್ಷಕ್ಕೆ ಒಂದು ಸಲಕ್ಕಿಂತ ಹೆಚ್ಚು ಬಳಸಬಾರದೆಂಬುದು ನನ್ನ ಅಭಿಪ್ರಾಯ. ಮೇಲ್ಮಣ್ಣು ಹಿಟ್ಟಿನಂತೆ ಚೆಂದ ಕಾಣುತ್ತದೆ, ಆದರೆ ಅದೇ ಆಳದಲ್ಲಿ ಮತ್ತೆ ಮತ್ತೆ ಅಲಗು ಸವರಿ ತಳ ಗಟ್ಟಿಯಾಗುತ್ತದೆ.

ಇನ್ನು ಮನೆಯ ಸುತ್ತಿನ ಕೆಲಸಗಳು. ಹೋಳಿ ಹುಣ್ಣಿಮೆ ಕಳೆದ ಮೇಲೆ ತಿಪ್ಪೆ ಗೊಬ್ಬರ ಹೊರುವುದು ಮೊದಲನೆಯದು. ನೆಲ ಬಿರಿದು ಗಟ್ಟಿಯಾಗಿರುವ ಆ ಕಾಲದಲ್ಲಿ ಗಾಲಿಯ ಭಾರ ಮಣ್ಣಿಗೆ ತಾಗುವುದಿಲ್ಲ, ಆದ್ದರಿಂದ ಹೊರುವ ಕೆಲಸಗಳನ್ನೆಲ್ಲ ಆಗಲೇ ಮುಗಿಸುತ್ತೇನೆ. ಆ ಬಿಸಿಲಿನಲ್ಲಿ ಬೆಳಗಿನ ಐದರಿಂದ ಒಂಬತ್ತರವರೆಗೆ ಮಾತ್ರ ದುಡಿಮೆ ಸಾಧ್ಯ. ತುಂಬಿದ ಟ್ರಾಲಿ ಗಾಡಿಗಿಂತ ಭಾರವಾಗಿರುತ್ತದೆ ಎಂಬುದನ್ನು ಇಳಿಜಾರಿನಲ್ಲಿ ಮರೆಯುವಂತಿಲ್ಲ. ಹಳ್ಳದ ದಾರಿಯಲ್ಲಿ ಟ್ರಾಲಿ ಹಿಂದಿನಿಂದ ನೂಕತೊಡಗಿದರೆ ಹಗುರವಾದ ಗಾಡಿ ಅಡ್ಡ ತಿರುಗಿಬಿಡುತ್ತದೆ. ಆದ್ದರಿಂದ ಇಳಿಯುವ ಮುನ್ನವೇ ಸಣ್ಣ ಗೇರಿಗೆ ಹಾಕಿ, ಕ್ಲಚ್ಚು ಮುಟ್ಟದೆ, ಎರಡೂ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿಕೊಂಡು ಇಳಿಯಬೇಕು. ಹೊಲದಲ್ಲಿ ತಿರುಗಿಸಲು ಅನುಕೂಲವೆಂದು ಬಿಡಿಸಿದ ಪೆಡಲುಗಳನ್ನು ದಾರಿಗೆ ಬಂದ ಮೇಲೂ ಹಾಗೆಯೇ ಬಿಟ್ಟರೆ, ಒಂದೇ ಗಾಲಿಗೆ ಬ್ರೇಕು ಬಿದ್ದು ಟ್ರಾಲಿ ಸಮೇತ ಉರುಳುವ ಅಪಾಯವಿದೆ.

ಮಳೆಗಾಲ ಮುಗಿದಾಗ ಹಿಂದಿನ ಬ್ಲೇಡು ಕಟ್ಟಿ, ಮನೆಯಿಂದ ರಸ್ತೆಯವರೆಗಿನ ಬಂಡಿದಾರಿಯನ್ನು ಕೆರೆದು, ನಡುವೆ ಸ್ವಲ್ಪ ಉಬ್ಬಿರುವಂತೆ ಮಾಡುತ್ತೇನೆ. ಇಲ್ಲವಾದರೆ ಮರುವರ್ಷ ಶಾಲೆಗೆ ಹೋಗುವ ಮಕ್ಕಳು ಕೆಸರಲ್ಲಿಯೇ ನಡೆಯಬೇಕಾಗುತ್ತದೆ. ಒಡೆದ ಒಡ್ಡಿಗೆ ಮಣ್ಣೇರಿಸುವುದೂ ಇದೇ ಬ್ಲೇಡಿನಿಂದ.

ಬದುವಿನ ಜಾಲಿ ಮರದ ಬೊಡ್ಡೆ ಕೀಳುವ ಕೆಲಸವನ್ನು ಬಹಳ ಜನ ಹಗುರವಾಗಿ ಭಾವಿಸುತ್ತಾರೆ. ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೆ (ಡ್ರಾಬಾರು) ಮಾತ್ರ ಕಟ್ಟಬೇಕು. ಅಚ್ಚಿಗಿಂತ ಮೇಲೆ, ಉಪಕರಣದ ಮೇಲ್ತುದಿ ಹಿಡಿಯುವ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿ ಎಳೆದರೆ, ಬೊಡ್ಡೆ ಬಾರದಿದ್ದಾಗ ಹಿಂದಿನ ಗಾಲಿ ನಿಂತು, ಎಂಜಿನ್ನಿನ ಬಲವೆಲ್ಲ ಮುಂಭಾಗವನ್ನು ಮೇಲೆತ್ತುತ್ತದೆ. ಕ್ಲಚ್ಚು ತುಳಿಯುವಷ್ಟರಲ್ಲಿ ಗಾಡಿ ಹಿಂದಕ್ಕೆ ಮಗುಚಿ ಕೂತವನ ಮೇಲೆಯೇ ಬೀಳುತ್ತದೆ. ನಾನು ಬೊಡ್ಡೆಯ ಸುತ್ತ ಮೊದಲು ಸಲಿಕೆಯಿಂದ ಅಗೆದು, ಅಡ್ಡಬೇರುಗಳನ್ನು ಕೊಡಲಿಯಿಂದ ಕಡಿದು, ಆಮೇಲೆ ನಿಧಾನವಾಗಿ ಎಳೆಯುತ್ತೇನೆ. ಅರ್ಧ ದಿನ ಹೆಚ್ಚು ಹಿಡಿದರೂ ಅದಕ್ಕೆ ನನ್ನ ಒಪ್ಪಿಗೆಯಿದೆ.

ಎಂಜಿನ್ನಿನ ಬಲವನ್ನು ಪಂಪು, ರಾಶಿ ಯಂತ್ರಗಳಿಗೆ ಒಯ್ಯುವ ತಿರುಗುವ ದಂಡದ, ಅಂದರೆ ಪಿಟಿಒ ಶಾಫ್ಟಿನ ಬಗ್ಗೆ ಬರೆಯುವಾಗ ಇಂದಿಗೂ ನನ್ನ ಕೈ ಸ್ವಲ್ಪ ನಡುಗುತ್ತದೆ. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಹೋದ ವರ್ಷ ಕೃಷಿ ಹೊಂಡದಿಂದ ಜೋಳಕ್ಕೆ ನೀರು ಹಾಯಿಸಲು ಪಂಪು ಜೋಡಿಸಿದ್ದಾಗ, ಪೈಪಿನ ಕ್ಲಿಪ್ಪು ಬಿಗಿ ಮಾಡಲೆಂದು ಬಗ್ಗಿದೆ. ಹೆಗಲ ಮೇಲಿದ್ದ ಟವೆಲ್ಲಿನ ತುದಿ ಜೋತುಬಿದ್ದು ಶಾಫ್ಟಿಗೆ ತಾಗಿದ್ದಷ್ಟೇ ಗೊತ್ತು. ಮರುಕ್ಷಣ ಅದು ನನ್ನ ಹೆಗಲಿಂದ ಮಾಯವಾಗಿ, ಶಾಫ್ಟಿಗೆ ಹಗ್ಗದಂತೆ ಬಿಗಿಯಾಗಿ ಸುತ್ತಿಕೊಂಡಿತ್ತು. ಆ ಟವೆಲ್ಲನ್ನು ಕುತ್ತಿಗೆಗೆ ಒಂದು ಸುತ್ತು ಸುತ್ತಿಕೊಂಡಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಹಳೆಯದಾಗಿ ಸೀಳಿಹೋಗಿದ್ದ ಪ್ಲಾಸ್ಟಿಕ್ ಕವಚವನ್ನು ಅಂದೇ ಬದಲಿಸಿದೆ. ಈಗ ಪಿಟಿಒ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ ಮೇಲೆಯೇ ಹಿಂದಕ್ಕೆ ಹೋಗುತ್ತೇನೆ. ಅದು ತಿರುಗುತ್ತಿರುವಾಗ ಅವ್ವನಾಗಲಿ ನನ್ನ ಹೆಂಡತಿಯಾಗಲಿ, ಸೀರೆ ಉಟ್ಟವರು ಯಾರೂ ಹತ್ತು ಹೆಜ್ಜೆಯೊಳಗೆ ಬರಕೂಡದೆಂಬುದು ನಮ್ಮ ಮನೆಯ ಕಟ್ಟುನಿಟ್ಟು.

ತೊಗರಿ ರಾಶಿಗೂ ಹದವಿದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಉಂಡು ಬಂದ ಮೇಲೆ ನಮ್ಮಲ್ಲಿ ತೊಗರಿ ಕೊಯ್ಲು ಜೋರಾಗುತ್ತದೆ. ಕೊಯ್ದು ಒಟ್ಟಿದ ಗಿಡ ಬೆಳಗಿನ ಇಬ್ಬನಿಗೆ ಮೆತ್ತಗಾಗಿ, ಯಂತ್ರದ ಉರುಳೆಗೆ ನಾರಿನಂತೆ ಸುತ್ತಿಕೊಳ್ಳುತ್ತದೆ. ಹನ್ನೊಂದರ ಬಿಸಿಲಿಗೆ ಕಾಯಿ ಗಲಗಲ ಎಂದು ಸದ್ದು ಮಾಡತೊಡಗಿದ ಮೇಲೆಯೇ ಹಾಕಬೇಕು. ನಮ್ಮದು 24 ಎಚ್‌ಪಿಗೆ ಹೊಂದುವ ಸಣ್ಣ ರಾಶಿ ಯಂತ್ರ, ಆದ್ದರಿಂದ ಗಿಡವನ್ನು ಸ್ವಲ್ಪ ಸ್ವಲ್ಪವಾಗಿಯೇ ಕೊಡಬೇಕು. ಮೊದಲ ವರ್ಷ ರಾಶಿಯ ನಡುವೆ ಎಂಜಿನ್ನಿನ ಬಿಸಿಯ ಮುಳ್ಳು ಕೆಂಪಿಗೆ ಏರಿತು. ಆರಿಸಿ ಬಾನೆಟ್ಟು ತೆಗೆದು ನೋಡಿದರೆ, ರೇಡಿಯೇಟರಿನ ಮುಂದಿನ ಜಾಲಿಯ ಮೇಲೆ ತೊಗರಿ ಹೊಟ್ಟು ಕಂಬಳಿಯಂತೆ ಅಂಟಿಕೊಂಡಿತ್ತು, ಗಾಳಿ ಒಳಗೆ ಹೋಗಲು ಒಂದು ರಂಧ್ರವೂ ಉಳಿದಿರಲಿಲ್ಲ. ಈಗ ಗಾಡಿಯನ್ನು ಹೊಟ್ಟು ಹಾರುವ ದಿಕ್ಕಿಗೆ ಎದುರಾಗಿ ನಿಲ್ಲಿಸುವುದಿಲ್ಲ, ಅರ್ಧ ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ ಆ ಜಾಲಿಯನ್ನು ಬ್ರಷ್ಷಿನಿಂದ ಉಜ್ಜುತ್ತೇನೆ. ಏರ್ ಫಿಲ್ಟರನ್ನು ಆ ದಿನಗಳಲ್ಲಿ ಪ್ರತಿ ಸಂಜೆ ಬಿಚ್ಚಿ ಧೂಳು ಕೊಡವುತ್ತೇನೆ. ಕಾಳು ಮನೆಗೆ, ಹೊಟ್ಟು ಎಮ್ಮೆಗಳಿಗೆ, ಕಟ್ಟಿಗೆ ಒಲೆಗೆ. ಮೂರನ್ನೂ ಹೊರುವುದು ಅದೇ ಟ್ರಾಲಿ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಗುರುತು) ದೊರೆತಿರುವುದರಿಂದ, ಕಾಳಿನ ಜೊತೆ ಮಣ್ಣುಹೆಂಟೆ ಬೆರೆಯದಂತೆ ನೆಲಕ್ಕೆ ತಾಡಪತ್ರಿ ಹಾಸುವುದರಲ್ಲಿ ನನಗೆ ಹೊಸ ಆಸ್ಥೆ ಹುಟ್ಟಿದೆ.

ಗಂಟೆಯ ಮೀಟರು ಈಗ 640 ತೋರಿಸುತ್ತಿದೆ. ಅದರಲ್ಲಿ ಉಳುಮೆ, ಬಿತ್ತನೆ, ಎಡೆ ಎಲ್ಲ ಸೇರಿ ಅರ್ಧವೂ ಆಗಿಲ್ಲವೆಂದು ನನ್ನ ನೋಟ್‌ಬುಕ್ಕಿನ ಲೆಕ್ಕ ಹೇಳುತ್ತದೆ. ಉಳಿದದ್ದೆಲ್ಲ ಹೊರುವುದು, ಕೆರೆಯುವುದು, ಎಳೆಯುವುದು, ನೀರೆತ್ತುವುದು. ಕಾಕಾನಿಗೆ ಆ ನೋಟ್‌ಬುಕ್ಕು ತೋರಿಸಿದಾಗ ಅವರು ಬಹಳ ಹೊತ್ತು ಪುಟ ತಿರುವಿ, “ಹಂಗಾದ್ರ ನಮ್ಮ ಹೊಲದಾಗೂ ಒಂದೆರಡು ತಾಸು ಎಡಿ ಹೊಡದ ಕೊಡು” ಎಂದರು. ಈ ವರ್ಷ ಅವರ ಮೂರು ಎಕರೆಗೂ ನಮ್ಮ ಗಾಡಿಯೇ ಎಡೆ ಹೊಡೆಯಿತು.

ಇಷ್ಟು ಬರೆಯುವಷ್ಟರಲ್ಲಿ ಬಿಸಿಲು ಬಲಿತು, ಪಡುವಣ ಗಾಳಿ ಬೀಸತೊಡಗಿದೆ. ಕೂರಿಗೆಯಲ್ಲಿ ಬೀಜ ಇಳಿಯುವ ತಾಳುಗಳಲ್ಲಿ ಒಂದು ಕಟ್ಟಿಕೊಂಡಿದೆ, ಅದನ್ನು ತಂತಿ ಹಾಕಿ ಬಿಡಿಸಬೇಕು. ಮುಂದಿನ ಅಚ್ಚಿನ ನಿಪ್ಪಲುಗಳಿಗೆ ಗ್ರೀಸು ಹೊಡೆಯಬೇಕು. ಸಂಜೆ ನಾಲ್ಕಕ್ಕೆ ಮತ್ತೊಮ್ಮೆ ಆ ತುಂಡಿಗೆ ಹೋಗಿ ಉಂಡೆ ಕಟ್ಟಿ ನೋಡುತ್ತೇನೆ. ಒಡೆದರೆ ನಾಳೆ ಸೂರ್ಯ ಹುಟ್ಟುವ ಮೊದಲೇ ಜೋಳ ಬಿತ್ತನೆ ಶುರು.